ಎಂಟು ದಾಟಿದ ಗ್ರೇಹೌಂಡ್, ಮುಧೋಳ ನಾಯಿಗಳ ಆರೈಕೆ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಬಳ್ಳಾರಿಯಲ್ಲಿ ಸಾಕುಪ್ರಾಣಿಗಳ ಚಿಕಿತ್ಸಾಲಯ ನಡೆಸುತ್ತಿರುವ, ನಮ್ಮ ಗುಂಪಿನವರೇ ಆದ ಪಶುವೈದ್ಯೆಯವರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಎಂಟು ವರ್ಷ ದಾಟಿದ ನಾಯಿಗಳ ಬಗ್ಗೆ ಮಾತ್ರ ಕೇಳಬೇಕೆಂದು ವಿನಂತಿ.

ಕುಷ್ಟಗಿಯ ಸದಸ್ಯರು: ನಮಸ್ಕಾರ ಡಾಕ್ಟರ್ ಮೇಡಂ. ನಮ್ಮ ಮುಧೋಳ ಹೆಣ್ಣುನಾಯಿಗೆ ಹತ್ತು ವರ್ಷ. ಮೊಣಕೈಗಳ ಮೇಲೆ ಕೂದಲು ಉದುರಿ ಚರ್ಮ ದಪ್ಪಗಾಗಿದೆ, ಎಡಗಡೆಯದು ಒಡೆದು ನೀರು ಒಸರುತ್ತಿದೆ. ಮನೆಯಲ್ಲಿ ಹಿರಿಯರು ಸುಣ್ಣ-ಅರಿಶಿನ ಹಚ್ಚುತ್ತಿದ್ದಾರೆ. ಇದು ಸರಿಯೇ?

ಡಾಕ್ಟರ್: ನಿಮ್ಮ ಮನೆಯ ನೆಲ ಶಹಾಬಾದಿ ಕಲ್ಲಿನದಿರಬೇಕು. ಈ ಜಾತಿಯ ನಾಯಿಗಳಿಗೆ ಚರ್ಮದಡಿಯಲ್ಲಿ ಕೊಬ್ಬು ಬಹಳ ಕಡಿಮೆ, ಹಾಗಾಗಿ ಎಲುಬಿಗೂ ಕಲ್ಲಿಗೂ ನಡುವೆ ತೆಳು ಚರ್ಮವೊಂದೇ ಸಿಕ್ಕಿ ನಲುಗುತ್ತದೆ. ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಜಾರದಂತೆ ಅಡಿಗೆ ಗೋಣಿತಟ್ಟು ಹಾಕಿ, ಅದು ದಿನವೂ ಮಲಗುವ ಮೂಲೆಯಲ್ಲೇ ಹಾಸಿರಿ. ನಿಮಗೆ ಅನುಕೂಲವಾದ ಮೂಲೆಯಲ್ಲಿ ಹಾಸಿದರೆ ಅದು ಕೌದಿಯನ್ನು ಬಿಟ್ಟು ಮತ್ತೆ ಕಲ್ಲಿಗೇ ಹೋಗುತ್ತದೆ. ಸುಣ್ಣ ಚರ್ಮವನ್ನು ಸುಡುತ್ತದೆ, ಇಂದೇ ನಿಲ್ಲಿಸಿ. ಒಡೆದ ಜಾಗವನ್ನು ಎರಡು ದಿನದೊಳಗೆ ವೈದ್ಯರಿಗೆ ತೋರಿಸಿ.

ಸಿರುಗುಪ್ಪದ ಸದಸ್ಯರು: ಹನ್ನೊಂದು ವರ್ಷದ ನಮ್ಮ ಗ್ರೇಹೌಂಡಿನ ಎರಡೂ ಕಣ್ಣುಗಳಲ್ಲಿ ನೀಲಿ ಮಬ್ಬು ಕಾಣುತ್ತಿದ್ದು, ಸಂಜೆಯಾದರೆ ಹೊಸ್ತಿಲು ಎಡವುತ್ತದೆ. ಇದು ಪೊರೆಯೇ, ವಯಸ್ಸಿನ ಸಹಜ ಬದಲಾವಣೆಯೇ?

ಮಾನ್ವಿಯ ಸದಸ್ಯರು: ಮುದಿ ನಾಯಿಗೆ ಜೋಳದ ರೊಟ್ಟಿ ಮತ್ತು ಹಾಲು ಸಾಕಾಗುತ್ತದೆಯೇ? ನಾವು ಮಾಂಸ ತರುವವರಲ್ಲ.

ಡಾಕ್ಟರ್: ಸಾಕಾಗುವುದಿಲ್ಲ. ವಯಸ್ಸಾದಂತೆ ಬೆನ್ನು ಮತ್ತು ತೊಡೆಯ ಸ್ನಾಯು ಕರಗುತ್ತದೆ, ಅದಕ್ಕೆ ಪ್ರೋಟೀನ್ ಬೇಕು. ಮೊಟ್ಟೆಯಾದರೂ ಕೊಡಿ, ಅದೂ ಆಗದಿದ್ದರೆ ಅಂಗಡಿಯ ಸಿದ್ಧ ಆಹಾರ ಬಳಸಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ರೊಟ್ಟಿಗೆ ಕಲಸಬೇಡಿ.

ಗಂಗಾವತಿಯ ಸದಸ್ಯರು: ನಮ್ಮ ಬಾಣ ಒಂಬತ್ತು ವರ್ಷದ ಗಂಡು ಗ್ರೇಹೌಂಡ್. ಐದು ವಾರಗಳಿಂದ ಮುಂದಿನ ಬಲಗಾಲನ್ನು ಕುಂಟುತ್ತಿದ್ದಾನೆ. ಮೊದಲು ಸ್ವಲ್ಪವಿತ್ತು, ಈಗ ಕಾಲನ್ನು ನೆಲಕ್ಕೆ ತಾಗಿಸಿ ಎತ್ತಿಬಿಡುತ್ತಾನೆ, ನಡೆದಷ್ಟೂ ಹೆಚ್ಚಾಗುತ್ತದೆ. ಮಣಿಕಟ್ಟಿನ ಮೇಲೆ ಲಿಂಬೆಹಣ್ಣಿನ ಗಾತ್ರದ ಗಟ್ಟಿ ಊತವಿದೆ, ಮುಟ್ಟಿದರೆ ತಿರುಗಿ ನೋಡುತ್ತಾನೆ. ವಾತವೆಂದು ಹೇಳಿದ್ದರಿಂದ ದಿನಕ್ಕೆರಡು ಸಲ ಬಿಸಿ ಎಣ್ಣೆಯ ಮಾಲೀಷು ಮಾಡುತ್ತಿದ್ದೇವೆ, ಔಷಧಿ ಅಂಗಡಿಯ ಡೈಕ್ಲೋಫೆನಾಕ್ ಅರ್ಧ ಮಾತ್ರೆ ಕೊಡುತ್ತಿದ್ದೇವೆ.

ಡಾಕ್ಟರ್: ಮೊದಲು ಮಾಲೀಷು ನಿಲ್ಲಿಸಿ, ಆ ಮಾತ್ರೆಯನ್ನೂ ನಿಲ್ಲಿಸಿ. ವಾತದ ನೋವು ಸಾಮಾನ್ಯವಾಗಿ ಎದ್ದ ಕೂಡಲೇ ಹೆಚ್ಚಿದ್ದು, ನಾಲ್ಕು ಹೆಜ್ಜೆ ನಡೆದು ಮೈ ಬಿಸಿಯಾದ ಮೇಲೆ ಸಡಿಲಗೊಳ್ಳುತ್ತದೆ. ನೀವು ಬರೆದಿರುವುದು ಅದರ ತಿರುವುಮುರುವು: ಒಂದೇ ಕಾಲು, ವಾರದಿಂದ ವಾರಕ್ಕೆ ಏರುವ ಕುಂಟು, ಎಲುಬಿಗೆ ಅಂಟಿದ ಗಟ್ಟಿ ಊತ. ಗ್ರೇಹೌಂಡ್‌ಗಳಲ್ಲಿ ಎಲುಬಿನ ಕ್ಯಾನ್ಸರ್ ಬೇರೆ ಅನೇಕ ತಳಿಗಳಿಗಿಂತ ಹೆಚ್ಚು. ಮುಂಗಾಲಿನಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಎರಡು ಕಡೆ, ಭುಜದ ಹತ್ತಿರ ಮತ್ತು ಮಣಿಕಟ್ಟಿನ ತುಸು ಮೇಲೆ. ಬಾಣನಿಗೆ ಅದೇ ಆಗಿದೆಯೆಂದು ಇಲ್ಲಿ ಕುಳಿತು ನಾನು ಹೇಳಲಾರೆ, ಹಳೆಯ ಬಿರುಕು ಅಥವಾ ಎಲುಬಿನ ಸೋಂಕು ಸಹ ಹೀಗೆ ಕಾಣಬಹುದು. ಎಕ್ಸ್-ರೇ ತೆಗೆಯದೆ ವಾತವೆಂದು ಹೇಳಿದವರೂ ಹೇಳಬಾರದಿತ್ತು.

ಆ ಕಾಲಿನ ಎಕ್ಸ್-ರೇಯನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಸಬೇಕು. ಸಂಶಯ ಬಂದರೆ ಎದೆಯದನ್ನೂ ತೆಗೆಸಬೇಕು, ಏಕೆಂದರೆ ಈ ರೋಗ ಮೊದಲು ಹರಡುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಕ್ಯಾನ್ಸರ್ ಹಿಡಿದ ಎಲುಬು ಗೆದ್ದಲು ತಿಂದ ತೊಲೆಯಂತಿರುತ್ತದೆ, ಕಟ್ಟೆಯಿಂದ ಒಮ್ಮೆ ಜಿಗಿದರೆ ಮುರಿಯಬಹುದು. ಆದ್ದರಿಂದ ಎಕ್ಸ್-ರೇ ಆಗುವವರೆಗೆ ಮೆಟ್ಟಿಲು, ಮಂಚ, ಓಟ ಯಾವುದೂ ಬೇಡ, ಹೊರಗೆ ಹೋಗುವುದು ಹಗ್ಗದಲ್ಲಿ, ಮೂತ್ರಕ್ಕಷ್ಟೇ. ರೋಗ ಖಚಿತವಾದರೆ ಕಾಲು ತೆಗೆದು ಕೀಮೋ ಕೊಟ್ಟವುಗಳಲ್ಲೂ ಹೆಚ್ಚಿನವು ಸುಮಾರು ಒಂದು ವರ್ಷ ಬದುಕುತ್ತವೆ. ಹಗುರ ಮೈಯ ಈ ನಾಯಿಗಳು ಮೂರು ಕಾಲಿನಲ್ಲಿ ನಡೆಯುವುದನ್ನು ನಾವಂದುಕೊಂಡದ್ದಕ್ಕಿಂತ ಬೇಗ ಕಲಿಯುತ್ತವೆ. ಅದು ಬೇಡವೆಂದರೆ ನೋವು ತಗ್ಗಿಸುವ ದಾರಿ ಇದೆ, ನೋವು ಔಷಧಿಗೆ ಬಗ್ಗದಿದ್ದಾಗ ದಯಾಮರಣದ ಮಾತನ್ನೂ ಆಡಬೇಕಾಗುತ್ತದೆ. ಇವೆಲ್ಲ ಎಕ್ಸ್-ರೇ ನೋಡಿದ ಮೇಲಿನ ಮಾತು.

ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ರಕ್ತ ಸೋರಿಸುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಮಲ ಡಾಂಬರಿನಂತೆ ಕಪ್ಪಗಿದ್ದರೆ ನಾಳೆಯವರೆಗೆ ಕಾಯಬೇಡಿ. ಕೊನೆಯ ಮಾತ್ರೆಯನ್ನು ಯಾವಾಗ ಕೊಟ್ಟಿರೆಂದು ಬರೆದಿಡಿ, ಬೇರೆ ನೋವು ನಿವಾರಕ ಶುರುಮಾಡುವ ಮುನ್ನ ಕೆಲವು ದಿನಗಳ ಅಂತರ ಬೇಕಾಗುತ್ತದೆ.

ಕೊಪ್ಪಳದ ಸದಸ್ಯರು: ಗಾಬರಿಪಡಿಸುವ ಅಗತ್ಯವಿರಲಿಲ್ಲ ಮೇಡಂ. ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶವನ್ನು ಕೆಳಗೆ ಹಾಕಿದ್ದೇನೆ: ಎಕ್ಕದ ಎಲೆಯನ್ನು ಬಿಸಿ ಮಾಡಿ ಊತಕ್ಕೆ ಕಟ್ಟಿ, ಬೆಳ್ಳುಳ್ಳಿ ಅರೆದು ತುಪ್ಪದಲ್ಲಿ ನೆಕ್ಕಿಸಿದರೆ ಇಪ್ಪತ್ತೊಂದು ದಿನದಲ್ಲಿ ಎಂತಹ ಗಡ್ಡೆಯೂ ಕರಗುತ್ತದೆ.

ಡಾಕ್ಟರ್: ಎಕ್ಕದ ಹಾಲು ನಾಯಿಯ ಬಾಯಿಗೆ, ಕಣ್ಣಿಗೆ ಹೋದರೆ ಏನಾಗುತ್ತದೆಂದು ಆ ಸಂದೇಶ ಬರೆದವರು ನೋಡಿಲ್ಲ, ನಾನು ನೋಡಿದ್ದೇನೆ. ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತದೆ. ಇಪ್ಪತ್ತೊಂದು ದಿನ ಬಾಣನ ಬಳಿ ಇಲ್ಲ. ದಯವಿಟ್ಟು ಆ ಸಂದೇಶವನ್ನು ಅಳಿಸಿ.

ಕೊಪ್ಪಳದ ಸದಸ್ಯರು: ವಿದೇಶಿ ತಳಿ ಸಾಕಿದರೆ ಹೀಗೇ ಆಗುತ್ತದೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಬೆಳೆಸಿದ ನಮ್ಮ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವವೇ ಸಿಕ್ಕಿದೆ. ಅದಕ್ಕೆ ಇಂತಹ ರೋಗಗಳು ಬರುವುದಿಲ್ಲ.

ಕುಷ್ಟಗಿಯ ಸದಸ್ಯರು: ಅಂಚೆಚೀಟಿ ಅಂಟಿಸಿದರೆ ನಮ್ಮ ನಾಯಿಯ ಮೊಣಕೈ ವಾಸಿಯಾಗುತ್ತದೆಯೇ, ಅಣ್ಣಾ?

ಡಾಕ್ಟರ್: ಮುಧೋಳವೂ ಮುದಿಯಾಗುತ್ತದೆ. ಮುಂದಿನ ಪ್ರಶ್ನೆ.

ಸಿಂಧನೂರಿನ ಸದಸ್ಯರು: ಹತ್ತು ವರ್ಷದ ಗ್ರೇಹೌಂಡಿನ ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1,40,000 ಬಂದಿದೆ, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇಕಡಾ 58. ಉಣ್ಣೆಜ್ವರವೆಂದು ಎರಡು ಸಲ ಡಾಕ್ಸಿಸೈಕ್ಲಿನ್ ಕೋರ್ಸ್ ಆಯಿತು, ಸಂಖ್ಯೆ ಏರುತ್ತಿಲ್ಲ. ನಾಯಿ ಚೆನ್ನಾಗಿ ತಿಂದುಕೊಂಡಿದೆ. ಮೂರನೆಯ ಸಲ ಕೊಡಬೇಕೇ?

ಡಾಕ್ಟರ್: ವರದಿಯ ಪಕ್ಕದಲ್ಲಿ ಅಚ್ಚಾಗಿರುವ ಮಿತಿಗಳು ಎಲ್ಲ ತಳಿಗಳಿಗೂ ಸೇರಿಸಿ ಮಾಡಿದವು. ಗ್ರೇಹೌಂಡಿಗೆ ಕೆಂಪು ರಕ್ತಕಣ ಹೆಚ್ಚು, ಪ್ಲೇಟ್‌ಲೆಟ್ ಕಡಿಮೆ. ಒಂದೂವರೆ ಲಕ್ಷದ ಆಸುಪಾಸು ಅದರ ಸಹಜ ಸ್ಥಿತಿಯೇ ಇರಬಹುದು. ಥೈರಾಯ್ಡ್ ಹಾರ್ಮೋನು ಸಹ ಇವುಗಳಲ್ಲಿ ಸಹಜವಾಗಿಯೇ ಕಡಿಮೆ, ಆ ಒಂದು ಅಂಕಿ ನೋಡಿ ಯಾರಾದರೂ ಮಾತ್ರೆ ಬರೆದರೆ ಮತ್ತೊಮ್ಮೆ ಕೇಳಿ. ನಮ್ಮ ಕಡೆ ಉಣ್ಣೆಜ್ವರ ಇರುವುದು ನಿಜ, ಆದರೆ ಅದಕ್ಕೆ ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ ಇಂತಹ ಸಾಕ್ಷಿ ಬೇಕು, ಇಲ್ಲವೇ ಅದರದೇ ಪರೀಕ್ಷೆಯಾಗಬೇಕು. ಮೂರನೆಯ ಕೋರ್ಸ್ ಈಗ ಬೇಡ.

ಲಿಂಗಸುಗೂರಿನ ಸದಸ್ಯರು: ನಮ್ಮ ಮುಧೋಳ ನಾಯಿಗೆ ಹನ್ನೊಂದು. ಈ ಯುಗಾದಿಗೆ ಮೊಲದ ಹಿಂದೆ ಬಿಟ್ಟಾಗ ಅರ್ಧ ಎರೆಹೊಲ ಓಡಿ ಕುಸಿದುಬಿತ್ತು. ಶಕ್ತಿಗೆ ಯಾವ ಟಾನಿಕ್ ಕೊಡಬೇಕು?

ಮಾನ್ವಿಯ ಸದಸ್ಯರು: ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ಇಲ್ಲಿ ಬಹಿರಂಗವಾಗಿ ಬರೆಯಲು ನಿಮಗೆ ಸಂಕೋಚವಾಗಲಿಲ್ಲವೇ?

ಲಿಂಗಸುಗೂರಿನ ಸದಸ್ಯರು: ತಾತ ಮುತ್ತಾತರ ಕಾಲದಿಂದ ಬಂದ ಪದ್ಧತಿ. ರೊಟ್ಟಿ ಹಾಲಿನಲ್ಲಿ ನಾಯಿ ಸಾಕುವವರಿಂದ ನಾನು ಕಲಿಯಬೇಕಾದದ್ದೇನೂ ಇಲ್ಲ.

ಮಾನ್ವಿಯ ಸದಸ್ಯರು: ನನ್ನ ನಾಯಿ ರೊಟ್ಟಿ ತಿಂದೇ ಹದಿಮೂರು ಮುಟ್ಟಿದೆ. ನಿಮ್ಮದು ಹೊಲದಲ್ಲಿ ಬಿದ್ದಿದೆ.

ನಿರ್ವಾಹಕರು: ಇಬ್ಬರೂ ದಯವಿಟ್ಟು ಇಲ್ಲಿಗೆ ನಿಲ್ಲಿಸಬೇಕು.

ಡಾಕ್ಟರ್: ಟಾನಿಕ್ ಇಲ್ಲ. ಅದು ಕುಸಿದದ್ದು ಬಿಸಿಲಿಗಿರಬಹುದು, ಹೃದಯದ ತೊಂದರೆಗೂ ಇರಬಹುದು. ಪರೀಕ್ಷೆ ಮಾಡಿಸಿ, ಓಟ ಇನ್ನು ಬೇಡ. ಬೇಸಿಗೆಯಲ್ಲಿ ಯಾವ ನಾಯಿಯೇ ಹಾಗೆ ಬಿದ್ದರೂ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಬಾಯಿಗೆ ನೀರು ಹೊಯ್ಯಬೇಡಿ.

ಸಿರುಗುಪ್ಪದ ಸದಸ್ಯರು: ನನ್ನ ಕಣ್ಣಿನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಕೊಪ್ಪಳದ ಸದಸ್ಯರು: ಎರಡು ಹನಿ ಜೇನುತುಪ್ಪ ಬಿಡಿ, ಮಬ್ಬು ಹೋಗುತ್ತದೆ.

ಡಾಕ್ಟರ್: ಕಣ್ಣಿಗೆ ಜೇನು ಬೇಡ.

ಯಲಬುರ್ಗಾದ ಸದಸ್ಯರು: ಮುದಿ ನಾಯಿಗೆ ರೊಟ್ಟಿ ಹಾಲು ಕೊಡಬಹುದೇ? ಇನ್ನೊಂದು ವಿಷಯ, ಒಂಬತ್ತು ವರ್ಷದ ಹೆಣ್ಣು, ಗರ್ಭಕೋಶದ ಆಪರೇಷನ್ ಆಗಿಲ್ಲ, ಒಂದೂವರೆ ತಿಂಗಳ ಹಿಂದೆ ಬೆದೆಗೆ ಬಂದಿತ್ತು. ಈಗ ಊಟ ಬಿಟ್ಟು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಿದೆ. ಸೆಕೆಯಿಂದ ಇರಬಹುದೇ?

ಡಾಕ್ಟರ್: ರೊಟ್ಟಿಯ ಉತ್ತರ ಮೇಲಿದೆ. ಎರಡನೆಯದನ್ನು ನೀವು ಮೊದಲು ಕೇಳಬೇಕಿತ್ತು. ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆಯಿದೆ, ಕೀವು ಹೊರಗೆ ಕಾಣದಿದ್ದರೆ ಅಪಾಯ ಇನ್ನೂ ಹೆಚ್ಚು. ಇಂದು ರಾತ್ರಿಯೇ ಸ್ಕ್ಯಾನಿಂಗ್ ಇರುವಲ್ಲಿಗೆ ಕರೆದೊಯ್ಯಿರಿ. ಇದಕ್ಕೆ ಉತ್ತರ ಬರೆಯುತ್ತ ಕೂರಬೇಡಿ, ಹೊರಡಿ.

ಕೊಪ್ಪಳದ ಸದಸ್ಯರು: ಎಲ್ಲದಕ್ಕೂ ಆಸ್ಪತ್ರೆ ಎನ್ನುವುದಾದರೆ ಈ ಪ್ರಶ್ನೋತ್ತರ ಏತಕ್ಕೆ?

ಡಾಕ್ಟರ್: ಯಾವುದಕ್ಕೆ ಆಸ್ಪತ್ರೆ ಎಂದು ಹೇಳುವುದಕ್ಕೆ.

ಗಂಗಾವತಿಯ ಸದಸ್ಯರು: ಮೇಡಂ, ನಾಳೆ ಬೆಳಿಗ್ಗೆ ಕಂಪ್ಲಿಯ ದಾರಿಯಲ್ಲಿ ಕಾರಿನಲ್ಲಿ ಬಾಣನನ್ನು ನಿಮ್ಮಲ್ಲಿಗೇ ಕರೆತರುತ್ತೇವೆ. ಅವನನ್ನು ಎತ್ತುವುದು ಹೇಗೆ? ಮಲ ಕಪ್ಪಗಿಲ್ಲ, ಈಗಷ್ಟೇ ನೋಡಿದೆ.

ಡಾಕ್ಟರ್: ಒಂದು ಕೈ ಎದೆಯ ಮುಂಭಾಗದಲ್ಲಿ, ಇನ್ನೊಂದು ಹಿಂದೊಡೆಗಳ ಹಿಂದೆ ಇಟ್ಟು ಮೈಯನ್ನು ನಿಮ್ಮ ಎದೆಗೆ ಒತ್ತಿಕೊಂಡು ಎತ್ತಿರಿ, ಬಲಗಾಲನ್ನು ಯಾರೂ ಹಿಡಿಯಬಾರದು. ಹಿಂದಿನ ಸೀಟಿನ ಮೇಲೆ ಕೌದಿ ಹಾಸಿ, ಒಬ್ಬರು ಪಕ್ಕದಲ್ಲಿ ಕೂತು ಹಿಡಿದುಕೊಳ್ಳಿ. ರಾತ್ರಿ ಹತ್ತರ ನಂತರ ಊಟ ಬೇಡ, ನೀರು ಇಡಬಹುದು. ಎಕ್ಸ್-ರೇಗೆ ಮಂಪರು ಕೊಡಬೇಕಾಗಬಹುದು. ಮುಂದೆ ಎಲ್ಲಿಗೆ ಹೋದರೂ ಮಂಪರಿನ ಮೊದಲು ಗ್ರೇಹೌಂಡ್ ಎಂದು ಬಾಯಿಬಿಟ್ಟು ಹೇಳಿ. ಥಯೋಪೆಂಟೋನ್ ಎಂಬ ಅರಿವಳಿಕೆ ಔಷಧಿ ಇವುಗಳ ದೇಹದಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ಗಂಟೆಗಟ್ಟಲೆ ಹಿಡಿಯುತ್ತದೆ.

ಗಂಗಾವತಿಯ ಸದಸ್ಯರು: ಆಗಲಿ ಮೇಡಂ. ಕೊನೆಯ ಮಾತ್ರೆ ನಿನ್ನೆ ರಾತ್ರಿ ಒಂಬತ್ತಕ್ಕೆ ಕೊಟ್ಟದ್ದು, ಬರೆದಿಟ್ಟಿದ್ದೇನೆ.