ಪದಚರ್ಚೆ: ‘ಬಳಕೆದಾರರ ಅನುಭವ’ ಎಂಬ ಮಾತು, ಮತ್ತು ಮಾರಾಟ ತಾಣದ ಬಟನ್‌ಗಳ ಕನ್ನಡ

ಬಳಗದ ಎಲ್ಲರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ಆಲ್ದೂರು, ಮಲ್ಲಂದೂರು ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಕಾಫಿಪುಡಿ, ಮೆಣಸು, ಏಲಕ್ಕಿಗಳನ್ನು ನೇರವಾಗಿ ಮಾರಲು ಒಂದು ಜಾಲತಾಣ ಮಾಡಿಸುತ್ತಿದ್ದೇವೆ. ಅದರ ಕನ್ನಡ ಪಠ್ಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ತಾಣ ಕಟ್ಟುತ್ತಿರುವ ಹುಡುಗರು ಮಾತುಮಾತಿಗೂ ‘ಯುಎಕ್ಸ್’ ಎನ್ನುತ್ತಾರೆ; ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬುದರ ಚುಟುಕು ರೂಪ, ಅಂದರೆ ತಾಣ ಬಳಸುವವರಿಗೆ ಅದು ಹೇಗೆ ಅನಿಸುತ್ತದೆ ಎಂಬುದು. ಅದಕ್ಕೆ ‘ಬಳಕೆದಾರರ ಅನುಭವ’ ಎಂದು ಬರೆದುಕೊಟ್ಟೆನಾದರೂ ಮನಸ್ಸು ಒಪ್ಪದೆ ಇಲ್ಲಿ ಕೇಳುತ್ತಿದ್ದೇನೆ.

ಕನ್ನಡದಲ್ಲಿ ‘ಅನುಭವ’ ಹಗುರವಾದ ಪದವಲ್ಲ. ಅನುಭವಸ್ಥ ಎಂದಾಗ ಅದು ವರ್ಷಗಟ್ಟಲೆ ಕೂಡಿಟ್ಟ ತಿಳಿವಳಿಕೆ, ಅನುಭವ ಮಂಟಪ ಎಂದಾಗ ಒಳಗಿನ ಅರಿವು, ‘ಮಾಡಿದ್ದನ್ನು ಅನುಭವಿಸಲಿ’ ಎಂದಾಗ ಕರ್ಮಫಲ. ಅರ್ಧ ಕಿಲೋ ಪುಡಿಯನ್ನು ಐದು ನಿಮಿಷದಲ್ಲಿ ಕೊಂಡು ಮುಗಿಸುವ ಕೆಲಸಕ್ಕೆ ಈ ಮೂರೂ ಭಾರ. ‘ನಮ್ಮ ತಾಣದಲ್ಲಿ ಉತ್ತಮ ಅನುಭವವನ್ನು ಅನುಭವಿಸಿ’ ಎಂದು ಒಬ್ಬರು ಕರಡಿನಲ್ಲಿ ಬರೆದಿದ್ದನ್ನು ಓದಿದಾಗ ನನಗೆ ಶಾಪ ಹಾಕಿದ ಹಾಗೆಯೇ ಕೇಳಿಸಿತು. ನಮ್ಮ ಕಡೆಯವರು ಒಳ್ಳೆಯ ಆ್ಯಪನ್ನು ‘ಸಲೀಸಾಗಿದೆ’ ಎನ್ನುತ್ತಾರೆ, ಕೆಟ್ಟದ್ದನ್ನು ‘ತಲೆಬಿಸಿ’ ಎನ್ನುತ್ತಾರೆ. ಹಾಗಾದರೆ ‘ಬಳಕೆಯ ಸಲೀಸು’ ಎಂದರೆ ಸಾಲದೇ ಎಂಬುದು ನನ್ನ ಮೊದಲ ಯೋಚನೆಯಾಗಿತ್ತು.

ಆದರೆ ಅದು ಪೂರ್ತಿ ಹೊಂದುವುದಿಲ್ಲ. 1993ರಲ್ಲಿ ಆಪಲ್ ಕಂಪನಿ ಸೇರಿದ ವಿನ್ಯಾಸ ತಜ್ಞ ಡೊನಾಲ್ಡ್ ನಾರ್ಮನ್ ತಮ್ಮ ಹುದ್ದೆಯ ಹೆಸರಿನಲ್ಲೇ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಎಂಬ ಮಾತನ್ನು ಇಟ್ಟುಕೊಂಡರು; ವಸ್ತುವನ್ನು ಸುಲಭವಾಗಿ ಬಳಸಬಹುದೇ ಎಂಬಷ್ಟಕ್ಕೇ ನಿಲ್ಲದ, ಅದಕ್ಕಿಂತ ಅಗಲವಾದ ಮಾತು ಅವರಿಗೆ ಬೇಕಿತ್ತು. ಐಎಸ್ಒ 9241-210 ಎಂಬ ಅಂತರರಾಷ್ಟ್ರೀಯ ಮಾನಕವೂ ಬಳಸಿದಾಗ ಮಾತ್ರವಲ್ಲ, ಬಳಸುವ ಮುಂಚಿನ ನಿರೀಕ್ಷೆಯಿಂದ ಹುಟ್ಟುವ ಅನಿಸಿಕೆಯನ್ನೂ ಇದರೊಳಗೆ ಸೇರಿಸುತ್ತದೆ. ಡಬ್ಬಿ ಒಡೆದು ಬಂದರೆ ಯಾರಿಗೆ ಹೇಳುವುದು ಎಂದು ಹಣ ಕಟ್ಟುವ ಮೊದಲೇ ಹುಟ್ಟುವ ಅಳುಕು ‘ಅನುಭವ’ದ ಭಾಗ, ‘ಸಲೀಸಿ’ನ ಭಾಗವಲ್ಲ. ‘ಒಗ್ಗು’ ಎಂಬ ಕ್ರಿಯಾಪದ ನನಗೆ ಹಿಡಿಸಿದೆ. ಹೊಸ ಕತ್ತಿ ಕೈಗೆ ಒಗ್ಗುತ್ತದೆ, ಹೊಸ ಊರಿನ ನೀರು ಮೈಗೆ ಒಗ್ಗುತ್ತದೆ. ಆದರೆ ಅದರಿಂದ ಮಾಡಿದ ‘ಒಗ್ಗುವಿಕೆ’ ಯಾರ ಬಾಯಲ್ಲೂ ಇಲ್ಲದ ನಾಮಪದ.

ಹೆಸರಿನ ಚರ್ಚೆಯನ್ನು ಅಲ್ಲಿಗೆ ಬಿಟ್ಟು ಬಟನ್‌ಗಳಿಗೆ ಬರುತ್ತೇನೆ, ಏಕೆಂದರೆ ಕೊಳ್ಳುವವರು ಓದುವುದು ಅವುಗಳನ್ನು. ದೊಡ್ಡ ಮಾರಾಟ ಆ್ಯಪುಗಳು 2020ರಿಂದೀಚೆಗೆ ಕನ್ನಡದಲ್ಲೂ ತೆರೆದುಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ. ಆದರೂ ಪದಕ್ಕೆ ಪದ ಇಟ್ಟ ಕನ್ನಡ ಎಷ್ಟು ತೊಂದರೆ ಕೊಡಬಲ್ಲದು ಎಂಬುದನ್ನು ನಾನು ಮನೆಯಲ್ಲೇ ಕಂಡೆ. ಮೂಡಿಗೆರೆ ಕಡೆಯ ತೋಟದಲ್ಲಿರುವ ನನ್ನ ಸೋದರತ್ತೆ ಮಳೆಗಾಲಕ್ಕೆಂದು ಒಂದು ಆ್ಯಪಿನಲ್ಲಿ ಗಂಬೂಟು ತರಿಸಿ, ಅಳತೆ ಸಣ್ಣದಾದ್ದರಿಂದ ವಾಪಸ್ ಕಳಿಸಿದ್ದರು. ಎರಡು ದಿನದ ಮೇಲೆ ‘ನಿಮ್ಮ ಮರುಪಾವತಿಯನ್ನು ಪ್ರಾರಂಭಿಸಲಾಗಿದೆ, ಮೊತ್ತ ₹649’ ಎಂಬ ಸಂದೇಶ ಬಂತು. ಅತ್ತೆ ಗಾಬರಿಯಿಂದ ಫೋನ್ ಮಾಡಿ, ‘ಬೂಟು ವಾಪಸ್ ಕೊಟ್ಟಿದ್ದೀನಲ್ಲೋ, ಮತ್ತೆ ದುಡ್ಡು ಕಟ್ಟು ಅಂತಾರಲ್ಲ, ನಾನೇನು ಸಾಲ ತಗೊಂಡಿದ್ನಾ?’ ಎಂದು ಕೇಳಿದರು. ಅತ್ತೆಯ ತಪ್ಪೇನೂ ಇಲ್ಲ. ಸಹಕಾರ ಸಂಘದ ಬೆಳೆಸಾಲದ ನೋಟಿಸಿನಲ್ಲಿ ‘ಮರುಪಾವತಿ’ ಎಂದರೆ ಅತ್ತೆ ಕಟ್ಟಬೇಕಾದ ಹಣ. ಆ್ಯಪಿನಲ್ಲಿ ಅದೇ ಪದ ಅತ್ತೆಗೆ ಬರಬೇಕಾದ ಹಣ. ಸಾಲದ್ದಕ್ಕೆ ‘-ಲಾಗಿದೆ’ ಎಂಬ ಕರ್ಮಣಿ ಪ್ರಯೋಗ, ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನೇ ಮುಚ್ಚಿಬಿಟ್ಟಿತ್ತು. ನಮ್ಮ ತಾಣದಲ್ಲಿ ‘₹649 ನಿಮ್ಮ ಖಾತೆಗೆ ವಾಪಸ್ ಬರುತ್ತದೆ’ ಎಂಬಂಥ ವಾಕ್ಯ ಇಡೋಣ ಎಂದುಕೊಂಡಿದ್ದೇನೆ. ಆದರೆ ಪಟ್ಟಿಯಲ್ಲಿ, ಶೀರ್ಷಿಕೆಯಲ್ಲಿ ಇಡಲು ಒಂದೇ ನಾಮಪದ ಬೇಕಾಗುತ್ತದೆ. ‘ಹಣ ವಾಪಸಾತಿ’ ಸರಿಯೇ, ಇದಕ್ಕಿಂತ ಚಿಕ್ಕದು ಇದೆಯೇ?

‘ಆದೇಶ’ದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದೇಶ ಕೊಡುವವರು ತಹಶೀಲ್ದಾರರು, ಕಾಫಿಪುಡಿಗೆ ಕೊಡುವುದು ಆರ್ಡರ್. ಆದರೆ ‘ರದ್ದು’ ತೊಡಕಿನದು. ‘ಆರ್ಡರ್ ರದ್ದುಮಾಡಬೇಕೇ?’ ಎಂದು ಕೇಳಿ ಕೆಳಗೆ ‘ರದ್ದುಮಾಡಿ’, ‘ಸರಿ’ ಎಂಬ ಎರಡು ಬಟನ್ ಇಟ್ಟರೆ ಮೊದಲನೆಯದು ಆರ್ಡರನ್ನು ರದ್ದುಮಾಡುತ್ತದೋ, ಆ ಪ್ರಶ್ನೆಯನ್ನೇ ರದ್ದುಮಾಡುತ್ತದೋ ತಿಳಿಯದು. ‘ಆರ್ಡರ್ ಬೇಡ’, ‘ಆರ್ಡರ್ ಇರಲಿ’ ಎಂದು ಬರೆದು ನೋಡಿದೆ, ಯಾರೂ ತಡವರಿಸಲಿಲ್ಲ.

ಇನ್ನು ‘ಕಾರ್ಟ್’, ಎಂದರೆ ಕೊಳ್ಳಲು ಆರಿಸಿದ ಸಾಮಾನನ್ನು ಹಣ ಕಟ್ಟುವವರೆಗೆ ಕೂಡಿಡುವ ಜಾಗ. ‘ಬುಟ್ಟಿ’ ಚೆಂದವಾಗಿದೆ, ಆದರೆ ಬುಟ್ಟಿಗೆ ಹಾಕಿಕೊಳ್ಳುವುದು ಎಂದರೆ ಕನ್ನಡದಲ್ಲಿ ಏನರ್ಥ ಎಂಬುದು ಬಳಗಕ್ಕೆ ಗೊತ್ತೇ ಇದೆ. ಆ ಬಟನ್ ಒತ್ತುವಾಗ ಯಾರು ಯಾರನ್ನು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದಾರೆ ಎಂದು ನಗುವವರು ಇದ್ದೇ ಇರುತ್ತಾರೆ. ‘ಗಾಡಿ’ ಎಂದರೆ ಇಲ್ಲಿ ಬೈಕು. ಸಂತೆಗೆ ನಾವು ಒಯ್ಯುವುದು ಚೀಲ, ಹಾಗಾಗಿ ‘ಚೀಲಕ್ಕೆ ಹಾಕಿ’ ಎಂಬುದು ಸದ್ಯದ ಕರಡು. ಕಾಫಿಯವರಿಗೆ ಚೀಲ ಎಂದ ಕೂಡಲೇ 50 ಕಿಲೋದ ಮೂಟೆ ಕಣ್ಣಿಗೆ ಬರುತ್ತದೆ ಎಂದು ನಮ್ಮಲ್ಲೇ ಒಬ್ಬರು ತಕರಾರು ತೆಗೆದಿದ್ದಾರೆ.

ಹುಡುಕುವ ಜಾಗದ ಬಗ್ಗೆಯೂ ನಿಮ್ಮ ನೆರವು ಬೇಕು. ಕಾಳುಮೆಣಸು, ಕರಿಮೆಣಸು, ಒಳ್ಳೆಮೆಣಸು ಮೂರೂ ಒಂದೇ ಸರಕು. ಯಾವುದನ್ನು ಬರೆದು ಹುಡುಕಿದರೂ ಅದೇ ಪೊಟ್ಟಣ ಸಿಗಬೇಕು. ನಿಮ್ಮ ಸೀಮೆಯಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಕೊನೆಯ ಪ್ರಶ್ನೆ ಕಾನೂನಿಗೆ ಸಂಬಂಧಿಸಿದ್ದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಕೊಳ್ಳುವವರನ್ನು ದಾರಿತಪ್ಪಿಸುವ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು ಹೆಸರಿಸಿದೆ. ಇವು ನಮ್ಮ ತಾಣದಲ್ಲಿ ಇರುವುದಿಲ್ಲ ಎಂದು ಕನ್ನಡದಲ್ಲಿ ಬರೆಯಬೇಕೆಂಬುದು ನಮ್ಮ ಆಸೆ. ‘ಇನ್ನು ಎರಡೇ ಉಳಿದಿವೆ’ ಎಂದು ಇಲ್ಲದ ಒತ್ತಡ ಹುಟ್ಟಿಸುವುದಕ್ಕೆ ‘ಸುಳ್ಳು ಅವಸರ’ ಸಾಕು. ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂಬಂಥ ಬಟನ್ ಇಟ್ಟು ನಾಚಿಸುವ ‘ಕನ್ಫರ್ಮ್ ಶೇಮಿಂಗ್’ಗೆ ‘ಹಂಗಿಸುವುದು’ ಎಂಬ ಪದ ಹೇಳಿ ಮಾಡಿಸಿದಂತಿದೆ. ಕೇಳದೇ ಇದ್ದ ವಸ್ತುವನ್ನೋ ದೇಣಿಗೆಯನ್ನೋ ಲೆಕ್ಕಕ್ಕೆ ಸೇರಿಸುವ ‘ಬಾಸ್ಕೆಟ್ ಸ್ನೀಕಿಂಗ್’ಗೆ ಮಾತ್ರ ಪದ ಸಿಕ್ಕಿಲ್ಲ. ಸೊಪ್ಪಿನವಳು ಲೆಕ್ಕದ ಮೇಲೆ ಪುಕ್ಕಟೆಯಾಗಿ ಹಾಕುವ ಕೊಸರಿಗೆ ನಮ್ಮಲ್ಲಿ ಪದವಿದೆ; ಅದಕ್ಕೆ ನೇರ ಎದುರಾದ, ದುಡ್ಡು ತೆಗೆದುಕೊಂಡು ಗುಟ್ಟಾಗಿ ಹಾಕುವ ಈ ಕೊಸರಿಗೆ ಯಾವುದಾದರೂ ಹಳೆಯ ವ್ಯಾಪಾರಿ ಮಾತು ಇದೆಯೇ? ಬೆಲೆಯನ್ನು ಮೊದಲು ಕಡಿಮೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಶುಲ್ಕ ಸೇರಿಸುವ ‘ಡ್ರಿಪ್ ಪ್ರೈಸಿಂಗ್’ಗೂ ಬೇಕು. ‘ಕಂತು’ ಆಗದು, ಅದು ಸಾಲದ್ದು.

ಕ್ರಿಯಾರೂಪದ ಬಗ್ಗೆ ಬಳಗದ ಒಲವು ಎತ್ತ ಎಂಬುದನ್ನೂ ತಿಳಿಯಬಯಸುತ್ತೇನೆ. ‘ಕೊಳ್ಳಿ’ ಎಂದರೆ ಅಂಗಡಿ ಗಿರಾಕಿಗೆ ಹೇಳಿದಂತೆ, ‘ಕೊಳ್ಳುತ್ತೇನೆ’ ಎಂದರೆ ಗಿರಾಕಿ ಅಂಗಡಿಗೆ ಹೇಳಿದಂತೆ. ಬಟನ್ ಒತ್ತುವ ಬೆರಳು ಗಿರಾಕಿಯದಾದ್ದರಿಂದ ಎರಡನೆಯದೇ ಸರಿ ಎಂದು ನನ್ನ ವಾದ. ಆದರೆ ಸಣ್ಣ ಫೋನಿನ ಪರದೆಯಲ್ಲಿ ಅದು ಎರಡು ಸಾಲಿಗೆ ಒಡೆಯುತ್ತದೆ ಎಂದು ಹುಡುಗರ ವಾದ. ‘ಕೊಳ್ಳುವೆ’ ಎಂದರೆ ಸಾಲಿಗೆ ಹಿಡಿಸುತ್ತದೆ, ಆದರೆ ಭಾವಗೀತೆಯ ಹಾಗೆ ಕೇಳಿಸುತ್ತದೆಯೇ?