ಹಾಡಿಯ ಬದಿಯ ಚಿರತೆ: ಬೋನಿನ ಮನವಿಗೆ ಸಹಿ ಹಾಕುವ ಮುನ್ನ

ಮನೆ 14: ನಿನ್ನೆ ರಾತ್ರಿ ಹತ್ತೂವರೆಗೆ ಗೇರು ಹಾಡಿಯ ತಿರುವಿನಲ್ಲಿ ಚಿರತೆ ದಾಟಿದ್ದನ್ನು ಕಣ್ಣಾರೆ ಕಂಡೆ. ಮೂಲೆಮನೆಯ ನಾಯಿ ಮೂರು ದಿನದಿಂದ ಕಾಣುತ್ತಿಲ್ಲ. ಇಂದು ನಾಯಿ, ನಾಳೆ ನಮ್ಮ ಮಕ್ಕಳು. ಬೋನು ಇಡಿಸಲು ಮನವಿ ಬರೆದಿದ್ದೇನೆ, ಎಲ್ಲರೂ ಸಹಿ ಹಾಕಿ.

ಮನೆ 6: ಅಕ್ಕ, ಪ್ರಾಣಿಶಾಸ್ತ್ರ ಕಲಿಸಿದವನಾಗಿ ಹೇಳುತ್ತೇನೆ. ನಾಯಿ ಹಿಡಿದ ಚಿರತೆ ಮುಂದೆ ಮನುಷ್ಯರನ್ನು ಹಿಡಿಯುತ್ತದೆ ಎಂದೇನಿಲ್ಲ. ಹಿಂದಿನಿಂದ ಹೊಂಚಿ ಕುತ್ತಿಗೆಗೆ ಬಾಯಿ ಹಾಕುವ ಪ್ರಾಣಿ ಅದು. ನೆಟ್ಟಗೆ ನಿಂತ ಎರಡು ಕಾಲಿನ ಆಕೃತಿ ಅದು ಬಲ್ಲ ಬೇಟೆಯಲ್ಲ. ಏನನ್ನು ತಿನ್ನಬೇಕೆಂದು ಮರಿಗಳು ತಾಯಿಯ ಜೊತೆ ಸುತ್ತಿಯೇ ಕಲಿಯುತ್ತವೆ. ಒಂಟಿಯಾಗಿ ಬದುಕುವ ಚಿರತೆಗೆ ಕಾಲಿಗೊಂದು ಪೆಟ್ಟು ಬಿದ್ದರೆ ಉಪವಾಸವೇ ಗತಿ. ಹಾಗಾಗಿ ಗೊತ್ತಿಲ್ಲದ ಬೇಟೆಯ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಹಳೆಯ ನರಭಕ್ಷಕಗಳ ಕಥೆಯಲ್ಲೂ ಹಲವು ಬಾರಿ ಕಾರಣ ಇರುತ್ತದೆ: 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಕೊಂದ ಚಂಪಾವತ್‌ನ ಹೆಣ್ಣು ಹುಲಿಗೆ ಹಳೆಯ ಗುಂಡೇಟಿನಿಂದ ಬಲಬದಿಯ ಕೋರೆಹಲ್ಲುಗಳು ಮುರಿದಿದ್ದವು.

ಮನೆ 14: ಮಾಸ್ಟರೇ, ನನ್ನ ಮೊಮ್ಮಗ ನೆಟ್ಟಗೆ ನಿಂತರೂ ಮೂರಡಿ ಇಲ್ಲ.

ಮನೆ 6: ಆ ಮಾತು ಒಪ್ಪಿದೆ. ಚಿಕ್ಕ ಮಕ್ಕಳು, ಕತ್ತಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತವರು, ಇವರಿಗೆ ಅಪಾಯ ಹೆಚ್ಚು. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಅಂಗಳಕ್ಕೂ ಬಿಡಬೇಡಿ.

ಮನೆ 9: ಹಾಗಿದ್ದರೆ ಬೋನು ಇಟ್ಟು ದೂರದ ಕಾಡಿಗೆ ಬಿಡುವುದೇ ಒಳ್ಳೆಯದಲ್ಲವೇ?

ಮನೆ 6: ನಾನು ಅಂಜುವುದು ಅದಕ್ಕೇ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಹೀಗೆ ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಟ್ಟರು. ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 2003ರ ಹೊತ್ತಿಗೆ 17ಕ್ಕೆ ಏರಿತ್ತು. ಅದೇ ರಾಜ್ಯದ ಅಕೋಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಜನರ ನಡುವೆಯೇ ಬದುಕಿವೆ. ಅವುಗಳ ಮುಖ್ಯ ಆಹಾರ ನಾಯಿ. ನಮ್ಮ ಹಾಡಿಯ ಬದಿಗೆ ನಾಯಿಗಳನ್ನು ಕರೆಯುತ್ತಿರುವುದು ಯಾವುದು? ರಸ್ತೆಬದಿ ಸುರಿಯುವ ಕೋಳಿ ತ್ಯಾಜ್ಯ. ಅದು ಇರುವವರೆಗೆ ಈ ಚಿರತೆಯನ್ನು ಹಿಡಿದರೂ ಇನ್ನೊಂದು ಬರುತ್ತದೆ.

ಮನೆ 21: ನಮ್ಮ ಬಾವಿಗೆ ಕಟ್ಟೆಯೇ ಇಲ್ಲ. ಅದಕ್ಕೂ ಬಲೆ ಹಾಕಿಸಬೇಕು, ಚಿರತೆ ಬಿದ್ದರೆ ಅದಕ್ಕೂ ನಮಗೂ ಕಷ್ಟ.

ಮನೆ 14: ಸರಿ, ಮನವಿಯನ್ನು ತಿದ್ದುತ್ತೇನೆ. ಬೋನಿನ ಬದಲು ತಿರುವಿನಲ್ಲಿ ಎರಡು ದೀಪ, ತ್ಯಾಜ್ಯ ಸುರಿಯುವವರಿಗೆ ದಂಡ, ಪೊದೆ ಸವರುವುದು. ನಾಯಿಗಳನ್ನು ರಾತ್ರಿ ಒಳಗೆ ಕಟ್ಟಿ. ಮತ್ತೆ ಕಂಡರೆ ಯಾರೂ ಬೆನ್ನಟ್ಟಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ. ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಜಗಲಿಯಲ್ಲಿ ಸೇರೋಣ, ಬೆಳಕಿರುವಾಗಲೇ ಎಲ್ಲರೂ ಮನೆ ಸೇರಬಹುದು.