ವೆರಿಲೇಟರ್: ಥ್ರೆಡ್ ಹೆಚ್ಚಿಸಿದರೆ ಸಿಮ್ಯುಲೇಶನ್ ನಿಧಾನವಾಗುವುದೇಕೆ?

ಪ್ರಶ್ನೆ:
ವೆರಿಲಾಗ್‌ನಲ್ಲಿ (ಚಿಪ್ ವಿನ್ಯಾಸವನ್ನು ವಿವರಿಸುವ ಭಾಷೆ) ಬರೆದ ಪ್ರೊಸೆಸರ್ ವಿನ್ಯಾಸವೊಂದನ್ನು ನಾನು ವೆರಿಲೇಟರ್ (ಅಂಥ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಸಿಮ್ಯುಲೇಟರ್) ಬಳಸಿ ಪರೀಕ್ಷಿಸುತ್ತಿದ್ದೇನೆ. ಒಂದೇ ಥ್ರೆಡ್‌ನಲ್ಲಿ (ಇತರ ಎಳೆಗಳ ಜೊತೆಜೊತೆಗೆ ನಡೆಯಬಲ್ಲ ಕೆಲಸದ ಎಳೆ) ಸೆಕೆಂಡಿಗೆ ವಿನ್ಯಾಸದ ಸುಮಾರು 50,000 ಕ್ಲಾಕ್ ಸೈಕಲ್‌ಗಳು (ಅದರ ಗಡಿಯಾರದ ಮಿಡಿತಗಳು) ಓಡುತ್ತವೆ. 4 ಥ್ರೆಡ್ ಕೊಟ್ಟಾಗ ವೇಗ ಎರಡು ಪಟ್ಟಿಗಿಂತ ತುಸು ಹೆಚ್ಚಾಯಿತು, ಆದರೆ 16 ಕೊಟ್ಟಾಗ ಅದಕ್ಕಿಂತಲೂ ಕೆಳಗಿಳಿಯಿತು. ಯಂತ್ರದಲ್ಲಿ 8 ಕೋರ್‌ಗಳಿವೆ, ಹೈಪರ್‌ಥ್ರೆಡಿಂಗ್ (ಒಂದು ಕೋರ್ ಎರಡರಂತೆ ಕಾಣಿಸುವ ವ್ಯವಸ್ಥೆ) ಸೇರಿ 16 ಎಂದು ತೋರಿಸುತ್ತದೆ. ನಾನು ತಪ್ಪುತ್ತಿರುವುದು ಎಲ್ಲಿ?

ಉತ್ತರ 1:
ನೀವೇ ಕೊಟ್ಟ ಅಂಕಿಯಿಂದ ಲೆಕ್ಕ ಹಾಕೋಣ. ಸೆಕೆಂಡಿಗೆ 50,000 ಸೈಕಲ್ ಎಂದರೆ ಒಂದು ಸೈಕಲ್‌ಗೆ 20 ಮೈಕ್ರೋಸೆಕೆಂಡು. ಕೆಲಸವನ್ನು 16 ಥ್ರೆಡ್‌ಗಳಿಗೆ ಸರಿಸಮವಾಗಿ ಹಂಚಲು ಸಾಧ್ಯವಾದರೂ ಪ್ರತಿಯೊಂದರ ಪಾಲಿಗೆ ಬರುವುದು 1.25 ಮೈಕ್ರೋಸೆಕೆಂಡು ಮಾತ್ರ. ಒಂದು ಕೋರ್ ಬರೆದ ಮೌಲ್ಯವನ್ನು ಇನ್ನೊಂದು ಕೋರ್ ಓದಬೇಕಾದಾಗ ಪ್ರತಿ ಸಲವೂ ಹತ್ತಾರು ನ್ಯಾನೋಸೆಕೆಂಡು ಹಿಡಿಯುತ್ತದೆ. ಒಂದೇ ಸೈಕಲ್‌ನಲ್ಲಿ ಇಂಥ ವಿನಿಮಯ ಹಲವು ಬಾರಿ ನಡೆಯುವುದರಿಂದ ಆ ಅಲ್ಪ ಪಾಲಿನ ದೊಡ್ಡ ಭಾಗ ಕಾಯುವುದರಲ್ಲೇ ಕಳೆದುಹೋಗುತ್ತದೆ.

ಉತ್ತರ 2:
ಮೇಲಿನ ಲೆಕ್ಕ ಸರಿಯಾಗಿದೆ, ಆದರೆ 16ರಲ್ಲಿ ವೇಗ ಕುಸಿಯಲು ಇನ್ನೊಂದು ಕಾರಣವೂ ಇದೆ. ಯಾವ ಥ್ರೆಡ್ ಯಾವ ಭಾಗವನ್ನು ನಡೆಸಬೇಕೆಂಬುದನ್ನು ವೆರಿಲೇಟರ್ ಕಂಪೈಲ್ ಸಮಯದಲ್ಲೇ ನಿಗದಿಪಡಿಸುವುದರಿಂದ, ಆಪರೇಟಿಂಗ್ ಸಿಸ್ಟಂ ಒಂದು ಥ್ರೆಡ್ಡನ್ನು ಅರೆಕ್ಷಣ ಬದಿಗೆ ಸರಿಸಿದರೂ ಅದರ ಫಲಿತಾಂಶ ಬೇಕಾದ ಉಳಿದವು ಸುಮ್ಮನೆ ಕಾಯುತ್ತವೆ. ಥ್ರೆಡ್‌ಗಳ ಸಂಖ್ಯೆ ನಿಜವಾದ ಕೋರ್‌ಗಳ ಸಂಖ್ಯೆಯನ್ನು ಮೀರದಿರಲಿ, ಟಾಸ್ಕ್‌ಸೆಟ್ (ಯಾವ ಕೋರ್‌ನಲ್ಲಿ ಓಡಬೇಕೆಂದು ಸೂಚಿಸುವ ಲಿನಕ್ಸ್ ಆದೇಶ) ಬಳಸಿ ಅವುಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಕಟ್ಟಿಹಾಕಿ. ವೇವ್‌ಫಾರ್ಮ್ (ಸಿಗ್ನಲ್‌ಗಳ ಏರಿಳಿತದ ದಾಖಲೆ) ಬರೆಯುವುದನ್ನು ನಿಲ್ಲಿಸಿದ್ದೀರಿ ತಾನೇ? ಅದು ನಡೆಯುತ್ತಿದ್ದರೆ ಈ ಅಳತೆಗಳಿಗೆ ಅರ್ಥವೇ ಇಲ್ಲ.

ಪ್ರಶ್ನೆ ಕೇಳಿದವರು:
ವೇವ್‌ಫಾರ್ಮ್ ನಿಲ್ಲಿಸಿಯೇ ಅಳೆದಿದ್ದೆ. ಪ್ರತಿ ಸೈಕಲ್‌ಗೂ ಕಾಯದೆ ಥ್ರೆಡ್‌ಗಳು ಮುಂದೆ ಓಡಿ, ತಪ್ಪು ಕಂಡಾಗ ಹಿಂದಿರುಗುವಂತೆ ಮಾಡಲಾಗದೇ?

ಉತ್ತರ 3:
ಡೇವಿಡ್ ಜೆಫರ್ಸನ್ 1985ರಲ್ಲಿ ವಿವರಿಸಿದ ಟೈಮ್ ವಾರ್ಪ್ ವಿಧಾನದ ತಿರುಳು ಇದೇ. ಘಟನೆಗಳು ವಿರಳವಾಗಿರುವಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಆದರೆ ಕ್ಲಾಕ್‌ಗೆ ಬದ್ಧವಾದ ವಿನ್ಯಾಸದಲ್ಲಿ ಬಹುತೇಕ ಎಲ್ಲ ಭಾಗಗಳೂ ಪ್ರತಿ ಸೈಕಲ್‌ನಲ್ಲಿ ಪರಸ್ಪರ ಮಾತನಾಡುತ್ತಿರುವುದರಿಂದ, ಹಿಂದಿನ ಸ್ಥಿತಿಯನ್ನು ಉಳಿಸಿಟ್ಟು ಮರಳುವ ವೆಚ್ಚವೇ ಲಾಭವನ್ನು ನುಂಗುತ್ತದೆ. ನಿಮ್ಮಲ್ಲಿ ನೂರಾರು ಚಿಕ್ಕ ಟೆಸ್ಟ್‌ಗಳಿದ್ದರೆ ಒಂದೊಂದನ್ನೂ ಒಂದೇ ಥ್ರೆಡ್‌ನಲ್ಲಿ, ಕೋರ್‌ಗೊಂದರಂತೆ ಓಡಿಸಿ. ಅವು ಒಂದಕ್ಕೊಂದು ಕಾಯಬೇಕಾಗಿಲ್ಲ. ಆಪರೇಟಿಂಗ್ ಸಿಸ್ಟಂ ಬೂಟ್ ಆಗುವಂಥ ಒಂದೇ ದೀರ್ಘ ಟೆಸ್ಟ್‌ಗೆ 4 ಥ್ರೆಡ್‌ಗಳನ್ನು ಮೀಸಲಿಡಿ, ಅದೂ ಸಾಲದಿದ್ದರೆ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಬಹುದಾದ ಚಿಪ್) ಕಡೆಗೆ ಹೊರಳುವುದೇ ಮೇಲು.